ಯಾರ ಗೋಡೆ ಕೆರೆದಳು?

ಆ ಬೀದಿಯಲ್ಲಿ ಕುರ್ಚಿಯ ಕಾಲು ಒಂದು ಮನೆಯಲ್ಲಿ ತಯಾರಾಗುತ್ತಿತ್ತು, ಕೂರುವ ಆಸನ ಪಕ್ಕದ ಮನೆಯಲ್ಲಿ. ಮರಿಯ ದೊಡ್ಡಪ್ಪ ಮರ ತಿರುಗಿಸುವ ಲೇತಿನ ಮೇಲೆ ಕಾಲು ಕಡೆಯುತ್ತಿದ್ದರು, ಅವಳ ಅಪ್ಪ ಚೌಕಟ್ಟು ಕೂಡಿಸಿ ಬೆತ್ತ ಹೆಣೆಯುತ್ತಿದ್ದರು. ಒಂದು ಕಾಲದಲ್ಲಿ ಎರಡೂ ಒಂದೇ ಸೂರಿನಡಿ ಸೇರಿ ಕುರ್ಚಿಯಾಗಿ ಹೊರಗೆ ಬರುತ್ತಿದ್ದವು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಮಾತನ್ನು ಇವರಿಬ್ಬರೂ ಶ್ರದ್ಧೆಯಿಂದ ನಿಜ ಮಾಡಿ ತೋರಿಸಿದ ಮೇಲೆ, ಅಣ್ಣನ ಅಂಗಡಿಯಲ್ಲಿ ಕಾಲುಗಳು ಆಸನವಿಲ್ಲದೆ ಸಾಲಾಗಿ ನಿಂತವು, ತಮ್ಮನ ಅಂಗಡಿಯಲ್ಲಿ ಆಸನಗಳು ಕಾಲಿಲ್ಲದೆ ಗೋಡೆಗೆ ಒರಗಿ ಕೂತವು. ಕುರ್ಚಿ ಬೇಕಾದವನು ಎರಡೂ ಕಡೆ ಹೋಗಿ, ಎರಡೂ ಕಡೆ ಇನ್ನೊಬ್ಬರ ಮೇಲಿನ ಚಾಡಿ ಕೇಳಿಸಿಕೊಂಡು, ಎರಡೂ ಗಂಟು ಹೊತ್ತುಕೊಂಡು ಮೂರನೆಯ ಬಡಗಿಯೊಬ್ಬನ ಹತ್ತಿರ ಜೋಡಿಸಿಕೊಳ್ಳಬೇಕಿತ್ತು. ಜನಕ್ಕೆ ಅಷ್ಟು ಪುರುಸೊತ್ತು ಎಲ್ಲಿದೆ? ಹೆಚ್ಚಿನವರು ಪ್ಲಾಸ್ಟಿಕ್ ಕುರ್ಚಿ ಕೊಂಡುಕೊಂಡರು.

ಈ ಎರಡು ಮನೆಗಳ ನಡುವೆ ಓಡಾಡುತ್ತಿದ್ದ ಒಂದೇ ಜೀವವೆಂದರೆ ಮರಿ. ತಮ್ಮನ ಮಗಳು, ಹದಿನಾರು ವರ್ಷ. ಅವಳಿಗೆ ಬೇರೆ ಹೆಸರಿದೆ, ಅದು ಶಾಲೆಯವರಿಗೆ ಮಾತ್ರ ಬೇಕು. ಮನೆಯಲ್ಲಿ, ಬೀದಿಯಲ್ಲಿ ಎಲ್ಲರಿಗೂ ಮರಿಯೇ. ಉದ್ದ ಕೈಕಾಲು, ಎಷ್ಟು ಬಾಚಿದರೂ ಎದ್ದು ನಿಲ್ಲುವ ಕೂದಲು, ಮೂಗಿನ ತುದಿಯಲ್ಲೇ ಕೋಪ. ಮತ್ತು ತಿಂಗಳಿಗೊಮ್ಮೆ, ಹುಣ್ಣಿಮೆಯ ದಿನ ಹೊತ್ತು ಮುಳುಗಿದ ಮೇಲೆ, ಅವಳು ತೋಳವಾಗುತ್ತಿದ್ದಳು.

ಇದಕ್ಕೆ ಯಾರೂ ಹುಬ್ಬೇರಿಸಬೇಕಾಗಿಲ್ಲ. ಆ ಬೀದಿಯವರೇ ಏರಿಸುತ್ತಿರಲಿಲ್ಲ. ಕೆಲವು ಮನೆತನಗಳಲ್ಲಿ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವುಗಳಲ್ಲಿ ಬೊಕ್ಕತಲೆ. ಈ ಮನೆತನದಲ್ಲಿ ತೋಳ. ಒಂದು ತಲೆಮಾರು ಬಿಟ್ಟು ಇನ್ನೊಂದಕ್ಕೆ, ಅದೂ ಹೆಣ್ಣುಮಕ್ಕಳಿಗೆ. ಮರಿಗಿಂತ ಮೊದಲು ಅಜ್ಜಿ ತೋಳವಾಗುತ್ತಿದ್ದಳು. ವಯಸ್ಸಾದ ಮೇಲೆ ಮುಟ್ಟು ನಿಂತ ಹಾಗೆ ಅದೂ ತಾನಾಗಿ ನಿಂತಿತ್ತು. ಈಗ ಅಜ್ಜಿ ಹಿತ್ತಲ ಜಗಲಿಯ ಮೇಲೆ ಕೂತು, ಬೆಳಗಿನ ತಿಂಡಿ ಒಬ್ಬ ಮಗನ ಮನೆಯಲ್ಲಿ, ರಾತ್ರಿಯ ಊಟ ಇನ್ನೊಬ್ಬ ಮಗನ ಮನೆಯಲ್ಲಿ ಮಾಡಿಕೊಂಡು, ಇಬ್ಬರ ದೂರನ್ನೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುತ್ತಿದ್ದಳು. ಹುಣ್ಣಿಮೆಯ ಸಂಜೆ ಬೀದಿಯವರು ನಾಯಿಗಳನ್ನು ಒಳಗೆ ಕರೆದುಕೊಂಡು, "ಇವತ್ತು ಮರಿದು" ಎಂದು ಕಿಟಕಿ ಮುಚ್ಚಿ ತಮ್ಮ ಪಾಡಿಗೆ ಮಲಗುತ್ತಿದ್ದರು.

ಹಿತ್ತಲಲ್ಲಿ, ಎರಡು ಮನೆಗಳ ಮಧ್ಯೆ ಸಿಕ್ಕಿಹಾಕಿಕೊಂಡಂತೆ ಒಂದು ಹಲಗೆಯ ಕೋಣೆಯಿತ್ತು. ಅದೇ ತೋಳದ ಕೋಣೆ. ಕಿಟಕಿಯಿಲ್ಲ. ಎಡಗೋಡೆಯ ಆಚೆ ದೊಡ್ಡಮ್ಮನ ಅಡುಗೆಮನೆ, ಅದು ತಾತನ ಕಾಲದ್ದು. ಬಲಗೋಡೆಯ ಆಚೆ ಅಮ್ಮನ ಅಡುಗೆಮನೆ, ಪಾಲಾದ ಮೇಲೆ ಕಟ್ಟಿಕೊಂಡದ್ದು. ಕೋಣೆಯ ಬಾಗಿಲಿಗೆ ಎರಡು ಚಿಲಕ. ಮೇಲಿನದು ದೊಡ್ಡಪ್ಪನದು, ಕೆಳಗಿನದು ಅಪ್ಪನದು. ಒಬ್ಬರ ಚಿಲಕದ ಮೇಲೆ ಇನ್ನೊಬ್ಬರಿಗೆ ನಂಬಿಕೆಯಿರಲಿಲ್ಲ.

ತೋಳದ ವಿಷಯದಲ್ಲಿ ತಾತ ಹಾಕಿಟ್ಟ ಕಟ್ಟಳೆ ಒಂದಿತ್ತು. ಹುಣ್ಣಿಮೆಯ ದಿನ ಬೆಳಗಿನಿಂದ ಉಪವಾಸ, ಕೋಣೆಯಲ್ಲಿ ಒಂದು ತೊಟ್ಟಿ ನೀರು, ಅಷ್ಟೇ. ತೋಳಕ್ಕೆ ತಿನ್ನಲು ಕೊಟ್ಟರೆ ರುಚಿ ಹತ್ತುತ್ತದೆ, ರುಚಿ ಹತ್ತಿದರೆ ಬಲ ಬರುತ್ತದೆ, ಬಲ ಬಂದರೆ ಮನೆಯವರ ಮೇಲೆ ಬೀಳುತ್ತದೆ. ಹೀಗೆಂದು ತಾತ ಹೇಳಿದ್ದರು. ತಾತನೇನೂ ತೋಳವಾಗಿದ್ದವರಲ್ಲ. ಆದರೂ ಮನೆಯಲ್ಲಿ ಅವರ ಮಾತೇ ವೇದವಾಕ್ಯ.

ಜಗಳದ ಬೇರೂ ಅವರ ಕಾಲದ್ದೇ. ಒಮ್ಮೆ ಮಾರಿದ ಕುರ್ಚಿಗಳು ಅಲ್ಲಾಡುತ್ತವೆ ಎಂದು ಒಂದರ ಹಿಂದೊಂದು ವಾಪಸು ಬಂದವು. ಕಾಲು ಸರಿಯಿಲ್ಲ ಎಂದ ತಮ್ಮ. ಚೌಕಟ್ಟೇ ಸೊಟ್ಟ ಎಂದ ಅಣ್ಣ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರಿಬ್ಬರೂ ಒಬ್ಬ ಗಿರಾಕಿಯ ಮನೆಗೇ ಹೋಗಿ, ನಿಮ್ಮ ನೆಲವೇ ಡೊಂಕು ಎಂದು ಹೇಳಿಬಂದರು. ಆ ಒಂದು ವಿಷಯದಲ್ಲಿ ಮಾತ್ರ ಅವರಲ್ಲಿ ಒಮ್ಮತವಿತ್ತು. ಕಡೆಗೆ ತಾತನಿಗೆ ತಲೆ ಚಿಟ್ಟು ಹಿಡಿದು, "ನಾಳಿದ್ದು ಹುಣ್ಣಿಮೆ. ಎಡಗೋಡೆ ದೊಡ್ಡವನದು, ಬಲಗೋಡೆ ಚಿಕ್ಕವನದು. ನಿಮ್ಮಮ್ಮ ಯಾರ ಕಡೆ ಗೋಡೆ ಕೆರೀತಾಳೋ ಅವರದೇ ತಪ್ಪು. ಮೂಕಪ್ರಾಣಿ ಸುಳ್ಳು ಹೇಳಲ್ಲ" ಎಂದರು.

ಅಜ್ಜಿ ಎಡಗೋಡೆ ಕೆರೆದಳು. ದೊಡ್ಡಪ್ಪನ ಕಡೆ. ಒಂದು ಹಲಗೆ ಸೀಳಿಹೋಗುವ ಹಾಗೆ ಕೆರೆದಳು.

ಹೆತ್ತ ತಾಯಿಯೇ ತನ್ನನ್ನು ತಪ್ಪಿತಸ್ಥ ಎಂದಳಲ್ಲ ಎಂದು ದೊಡ್ಡಪ್ಪ ಅವತ್ತೇ ಲೇತನ್ನು ಬೇರೆ ಮಾಡಿಕೊಂಡರು. ಮನೆ ಎರಡಾಯಿತು. ಆದರೆ ಗೋಡೆ ನೋಡುವ ಚಟ ಮಾತ್ರ ಎರಡೂ ಮನೆಗೆ ಅಂಟಿಕೊಂಡಿತು. ಏಣಿ ಮುರಿದವರು ಯಾರು, ನಲ್ಲಿ ತಿರುಗಿಸದೆ ಬಿಟ್ಟವರು ಯಾರು, ಯಾರ ಮಾತಿಗೆ ನೆಂಟರು ಮುನಿಸಿಕೊಂಡರು, ಎಲ್ಲಕ್ಕೂ ತೋಳದ ಉಗುರೇ ತೀರ್ಪು. ಅಜ್ಜಿಯ ತೋಳ ನಿಂತ ಮೇಲೆ ಕೆಲವು ವರ್ಷ ತೀರ್ಪು ಕೊಡುವವರಿಲ್ಲದೆ ಜಗಳ ಸ್ವಲ್ಪ ಬಡಕಲಾಗಿತ್ತು. ಅಷ್ಟರಲ್ಲಿ ಮರಿ ಹದಿನಾಲ್ಕಕ್ಕೆ ಕಾಲಿಟ್ಟಳು. ಅವಳು ಮೊದಲ ಸಲ ತೋಳವಾದ ಮರುದಿನ ಬೆಳಿಗ್ಗೆ, ಹುಡುಗಿ ಹೇಗಿದ್ದಾಳೆ ಎಂದು ನೋಡುವ ಮೊದಲು ಎರಡೂ ಮನೆಯವರು ಗೋಡೆ ನೋಡಿದರು. ಮೂಲೆಯಲ್ಲಿ ಚಾಪೆ ಸುತ್ತಿಕೊಂಡು ನಡುಗುತ್ತಾ ಕೂತಿದ್ದ ಮರಿಗೆ ಅದು ಇವತ್ತಿಗೂ ಮರೆತಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಜಗಳ ಅಣ್ಣತಮ್ಮಂದಿರದು, ಬಡವಾದದ್ದು ಮಾತ್ರ ಕೂಸೇ. ಒಂದು ತಿಂಗಳು ಎಡಗೋಡೆ ಕೆರೆದರೆ ದೊಡ್ಡಮ್ಮ ನಾಲ್ಕು ದಿನ ಮಾತು ಬಿಡುತ್ತಿದ್ದಳು. ಮುಂದಿನ ತಿಂಗಳು ಬಲಗೋಡೆ ಕೆರೆದರೆ ಅಮ್ಮ, "ಹೆತ್ತಿದ್ದು ನಾನು, ಪರಚೋದು ನನ್ನನ್ನೇ" ಎಂದು ಪಾತ್ರೆ ಕುಕ್ಕುತ್ತಿದ್ದಳು. ತಾನು ಯಾಕೆ ಕೆರೆದೆ ಎಂದು ಮರಿಗೆ ಗೊತ್ತಿದ್ದರೆ ತಾನೇ? ಆ ಹೊತ್ತಿನದು ಏನೂ ನೆನಪಿರುತ್ತಿರಲಿಲ್ಲ. ಬರೀ ವಾಸನೆಗಳು, ಮತ್ತೆ ಹೊಟ್ಟೆಯೊಳಗೆ ಹಿಂಡುವ ಒಂದು ಸಂಕಟ. ಅದು ತನ್ನ ಸಿಟ್ಟು ಎಂದು ಅವಳು ತಿಳಿದಿದ್ದಳು. ಎಲ್ಲರೂ ಹಾಗೇ ಹೇಳಿದ್ದರು. ತನ್ನೊಳಗೆ ಇಷ್ಟು ಸಿಟ್ಟಿದೆಯಲ್ಲ, ಒಂದು ದಿನ ಹಗಲಲ್ಲೂ ಹೊರಗೆ ಬಂದುಬಿಟ್ಟರೆ ಎಂದು ಅವಳಿಗೆ ತನ್ನ ಮೇಲೇ ಹೆದರಿಕೆಯಿತ್ತು.

ಶಾಲೆಯಲ್ಲಿ ಇನ್ನೊಂದು ಪಾಡು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಪಾಠದಲ್ಲಿ ಬಂದ ದಿನ ಇಡೀ ತರಗತಿ ಹಿಂತಿರುಗಿ ಅವಳನ್ನೇ ನೋಡಿತು. ಹಿಂದಿನ ಬೆಂಚಿನವನೊಬ್ಬ ಊಳಿಟ್ಟ. ಮರಿ ಬೆಂಚಿನ ತುದಿ ಹಿಡಿದು ಎತ್ತಿದಳು, ಬೆಂಚು ಅವಳ ಕೈಗೇ ಬಂತು. ಮೇಷ್ಟ್ರು ಅಪ್ಪನನ್ನು ಕರೆಸಿದರು. ಅಪ್ಪ ಬೆಂಚನ್ನು ತಿರುಗಿಸಿ ನೋಡಿ, "ಇದನ್ನ ಯಾರು ಕೂಡಿಸಿದ್ದು ಸಾರ್? ಸಂದಿಗೆ ಅಂಟೇ ಹಾಕಿಲ್ಲ" ಎಂದು ಕೇಳಿ, ಅಲ್ಲೇ ಕೂತು ಸರಿ ಮಾಡಿಕೊಟ್ಟು ಬಂದರು. ಮಗಳಿಗೆ ಒಂದು ಮಾತೂ ಬೈಯಲಿಲ್ಲ. ಅಪ್ಪ ಒಳ್ಳೆಯವರೇ. ದೊಡ್ಡಪ್ಪನೂ ಒಳ್ಳೆಯವರೇ. ಒಳ್ಳೆಯವರಿಬ್ಬರು ಜಗಳಕ್ಕೆ ನಿಂತರೆ ಬಿಡಿಸುವುದು ಕಷ್ಟ.

ಆದರೂ ಮರಿಯ ದಿನಗಳು ದುಃಖದ ದಿನಗಳು ಎಂದರೆ ಸುಳ್ಳಾದೀತು. ಅವಳಿಗೆ ಕೆಲಸವಿತ್ತು. ಬೆಳಿಗ್ಗೆ ಶಾಲೆಗೆ ಮುಂಚೆ ಹಿತ್ತಲ ಬಾಗಿಲು ದಾಟಿ ದೊಡ್ಡಪ್ಪನ ಲೇತಿನ ಮುಂದೆ ನಿಲ್ಲುತ್ತಿದ್ದಳು. ತಿರುಗುವ ಮರಕ್ಕೆ ಉಳಿ ತಾಗಿಸಿದಾಗ ಎದ್ದುಬರುವ ಸುರುಳಿ ಸಿಪ್ಪೆ, ಮೊಣಕೈವರೆಗೆ ಹೊಟ್ಟು, ಹಸಿ ಮರದ ಆ ವಾಸನೆ! ಅವಳ ಮೂಗಿಗೆ ಅದು ಬೇರೆಯವರಿಗಿಂತ ಹತ್ತು ಪಟ್ಟು ಹೆಚ್ಚು ಸಿಗುತ್ತಿತ್ತು. ಮರದೊಳಗೆ ಹುಳ ಬಿದ್ದಿದ್ದರೆ ಸಿಪ್ಪೆ ಏಳುವ ಮೊದಲೇ ಹೇಳಿಬಿಡುತ್ತಿದ್ದಳು. "ಒತ್ತಬೇಡ ಕಣೇ. ಮರ ತಾನೇ ಬರುತ್ತೆ, ಬರೋಕೆ ಬಿಡು" ಎನ್ನುತ್ತಿದ್ದರು ದೊಡ್ಡಪ್ಪ. ಸಂಜೆ ಅಪ್ಪನ ಅಂಗಡಿಯಲ್ಲಿ ನೆನೆಸಿದ ಬೆತ್ತದ ಸೀಳು ಹಿಡಿದು ಕೂರುತ್ತಿದ್ದಳು. "ಆತುರ ಪಡಬೇಡ. ನೆನೀಲಿ. ನೆನೆದ ಬೆತ್ತ ಹೇಳಿದ ಮಾತು ಕೇಳುತ್ತೆ" ಎನ್ನುತ್ತಿದ್ದರು ಅಪ್ಪ. ಇಬ್ಬರೂ ಹೇಳುತ್ತಿದ್ದದ್ದು ಒಂದೇ ಮಾತು ಎಂದು ಇಬ್ಬರಿಗೂ ಹೇಳುವ ಧೈರ್ಯ ಮರಿಗಿರಲಿಲ್ಲ.

ಅವಳ ಮೂಲಕ ಬೈಗುಳವೂ ಹೋಗಿಬರುತ್ತಿತ್ತು. "ನಿಮ್ಮಪ್ಪನ ಚೌಕಟ್ಟು ನೋಡಿದ್ರೆ ನಗು ಬರುತ್ತೆ ಅಂತ ಹೇಳು."

ಮರಿ ಬಂದು, "ದೊಡ್ಡಪ್ಪ ನಿನ್ನ ಚೌಕಟ್ಟು ನೋಡಿ ನಕ್ರು ಅಪ್ಪ" ಎನ್ನುತ್ತಿದ್ದಳು.

"ಹೌದಾ? ಇಷ್ಟ ಆಯ್ತಂತಾ?"

"ಇರಬಹುದು."

ಹೀಗೆ ಅರ್ಧ ನುಂಗಿ, ಅರ್ಧ ತಿದ್ದಿ, ಅವಳು ಎರಡೂ ಮನೆಗೆ ಬೆಂಕಿ ಬೀಳದಂತೆ ನೋಡಿಕೊಂಡಿದ್ದಳು. ಮತ್ತು ಯಾರಿಗೂ ಹೇಳದೆ ಒಂದು ಕುರ್ಚಿ ಮಾಡುತ್ತಿದ್ದಳು. ಕಾಲೂ ತನ್ನದೇ, ಚೌಕಟ್ಟೂ ತನ್ನದೇ, ಹೆಣಿಗೆಯೂ ತನ್ನದೇ. ಆಸನ ಮುಗಿದಿತ್ತು. ಮೂರು ಕಾಲು ಮುಗಿದಿದ್ದವು. ನಾಲ್ಕನೆಯದು ಮಾತ್ರ ಹಟಕ್ಕೆ ಬಿದ್ದಿತ್ತು. ಪ್ರತಿ ಸಲವೂ ಕೊರಳಿನ ಹತ್ತಿರ, ಕಾಲು ಸಣ್ಣಗಾಗುವಲ್ಲಿ, ಬಂದಾಗ ಸೀಳುತ್ತಿತ್ತು.

ಹೀಗಿರುವಾಗ ವಾಚನಾಲಯದ ಮೇಡಂ ಬಂದರು. ಅವರಿಗೆ ಓದುವ ಹಾಲ್ ತುಂಬ ಮರದ ಕುರ್ಚಿ ಬೇಕಿತ್ತು. ಪ್ಲಾಸ್ಟಿಕ್ ಕುರ್ಚಿ ಎಳೆದಾಗ ಕಿರ್ರೆನ್ನುತ್ತದೆ, ಓದುವವರಿಗೆ ತೊಂದರೆ. "ಆದ್ರೆ ಕಾಲು ಒಂದು ಕಡೆ, ಆಸನ ಒಂದು ಕಡೆ ಅಂದ್ರೆ ನಂಗಾಗಲ್ಲ. ಯಾರಾದ್ರೂ ಒಬ್ರು ಪೂರ್ತಿ ಒಪ್ಕೊಳ್ಳಿ. ಅಲ್ಲಾಡಿದ್ರೆ ನಾನು ಒಬ್ಬರನ್ನೇ ಹಿಡ್ಕೋಬೇಕು" ಎಂದು ಖಡಕ್ಕಾಗಿ ಹೇಳಿ ಹೋದರು.

ಅಷ್ಟೇ ಸಾಕಾಯಿತು. ಹಿತ್ತಲಲ್ಲಿ ಅಣ್ಣ ತಮ್ಮ ಎದುರುಬದುರು ನಿಂತರು. ನಾನು ಹಿರಿಯ, ಕೆಲಸ ನನ್ನದು, ಅವನು ಬೇಕಿದ್ದರೆ ಬಂದು ಬೆತ್ತ ಹೆಣೆಯಲಿ ಎಂದರು ದೊಡ್ಡಪ್ಪ. ಆಸನವಿಲ್ಲದೆ ಕುರ್ಚಿ ಎಲ್ಲಿಯದು, ಕೆಲಸ ನನ್ನದು, ಅವರು ಬೇಕಿದ್ದರೆ ಕಾಲು ಕಳಿಸಲಿ ಎಂದರು ಅಪ್ಪ. ಮಾತಿಗೆ ಮಾತು ಬೆಳೆದು, ಅಲ್ಲಾಡಿದ ಹಳೆಯ ಕುರ್ಚಿಗಳೆಲ್ಲ ಮತ್ತೆ ವಾಪಸು ಬಂದವು.

"ಬರೋ ಹುಣ್ಣಿಮೆಗೆ ತೀರ್ಮಾನ ಆಗ್ಲಿ" ಎಂದರು ದೊಡ್ಡಪ್ಪ. "ಯಾರ ಗೋಡೆಗೆ ಗೀರು ಬೀಳುತ್ತೋ ಅವರು ಕೆಲಸ ಬಿಡಬೇಕು."

"ಬಿಡೋದಷ್ಟೇ ಅಲ್ಲ. ಆಮೇಲೆ ಈ ಹಿತ್ತಲ ಬಾಗಿಲಿಗೆ ಮೊಳೆ ಹೊಡೆದುಬಿಡೋಣ. ಕಾಯಂ ಆಗಿ. ನಿಮ್ಮ ಮುಖ ನನಗೆ ಬೇಡ, ನನ್ನ ಮುಖ ನಿಮಗೆ ಬೇಡ" ಎಂದರು ಅಪ್ಪ.

"ಮೊಳೆ ನಾನೇ ಕೊಡ್ತೀನಿ."

"ಸುತ್ತಿಗೆ ನನ್ನ ಹತ್ರ ಇದೆ."

"ಮತ್ತೆ ನಾನು?" ಎಂದಳು ಮರಿ.

ಇಬ್ಬರೂ ಹಿಂತಿರುಗಿದರು. ಅವಳು ಅಲ್ಲಿ ನಿಂತಿರುವುದನ್ನು ಯಾರೂ ಗಮನಿಸಿರಲಿಲ್ಲ. ದೊಡ್ಡಪ್ಪ ಕೈಯ ಹೊಟ್ಟು ಒರೆಸಿಕೊಳ್ಳುತ್ತಾ, ಅವಳ ಮುಖ ನೋಡದೆ, "ನೀನು ನಿಮ್ಮಪ್ಪನ ಮಗಳಲ್ವೇನೇ. ಆ ಕಡೆ ಇರ್ತೀಯ" ಎಂದರು.

"ನಾನೇನು ಕೋರ್ಟಾ? ನನ್ನ ಉಗುರು ನೋಡಿ ನೀವು ಬಾಗಿಲಿಗೆ ಮೊಳೆ ಹೊಡೀತೀರಾ?" ಎಂದು ಮರಿ ಕಿರುಚಿದಳು. ಕಿರುಚಿದ್ದು ಸ್ವಲ್ಪ ಊಳಿಟ್ಟ ಹಾಗೇ ಕೇಳಿಸಿತು. ಬೀದಿಯಲ್ಲಿ ಯಾರೋ ಕಿಟಕಿ ಮುಚ್ಚಿಕೊಂಡರು.

ಎಡಗೋಡೆ ಕೆರೆದರೂ ಮೊಳೆ, ಬಲಗೋಡೆ ಕೆರೆದರೂ ಮೊಳೆ. ನಾಲ್ಕನೆಯ ಕಾಲು ಎಂದಿಗೂ ಆಗುವುದಿಲ್ಲ, ದೊಡ್ಡಪ್ಪ ಎಂದಿಗೂ "ಒತ್ತಬೇಡ ಕಣೇ" ಅನ್ನುವುದಿಲ್ಲ. ಮರಿ ಜಗಲಿಗೆ ಬಂದು ಅಜ್ಜಿಯ ಪಕ್ಕ ಕೂತಳು.

"ಅಜ್ಜಿ, ಅವತ್ತು ನೀನು ಯಾಕೆ ಎಡಗೋಡೆ ಕೆರೆದೆ?"

"ನಂಗೇನು ಗೊತ್ತೇ? ಬೆಳಿಗ್ಗೆ ಎದ್ದಾಗ ಉಗುರಲ್ಲಿ ಹಲಗೆ ಚೂರು. ಅಷ್ಟೇ ನಂಗೆ ಗೊತ್ತು."

"ಒಳಗೆ ಏನಾಗ್ತಿತ್ತು?"

ಅಜ್ಜಿ ಯೋಚಿಸಿದಳು. "ಏನೋ ಸಂಕಟ. ಹೊಟ್ಟೆ ಹಿಂಡಿದ ಹಾಗೆ. ನಿಮ್ಮ ತಾತ ಅದು ಸಿಟ್ಟು ಅಂದ್ರು. ಇರಬಹುದು ಅಂದ್ಕೊಂಡೆ. ಸಿಟ್ಟು ಬರೋ ಅಂಥವು ಬೇಕಾದಷ್ಟಿದ್ವಲ್ಲ ಆಗ."

"ನಂಗೂ ಅದೇ ಆಗುತ್ತೆ."

"ಪಾಪ" ಎಂದು ಅಜ್ಜಿ ಅವಳ ಬೆನ್ನು ಸವರಿದಳು. ಅದಕ್ಕಿಂತ ಹೆಚ್ಚಿನದು ಅವಳಿಗೂ ತಿಳಿದಿರಲಿಲ್ಲ.

ಹುಣ್ಣಿಮೆಯ ದಿನ ಬಂತು. ಮರಿ ಬೆಳಿಗ್ಗೆ ಎದ್ದವಳೇ ಸ್ಯಾಂಡ್ ಪೇಪರ್ ತೆಗೆದುಕೊಂಡು ಉಗುರುಗಳನ್ನೆಲ್ಲ ಬುಡದವರೆಗೂ ಉಜ್ಜಿಕೊಂಡಳು. ಹುಡುಗಿಯ ಉಗುರು ಉಜ್ಜಿದರೆ ತೋಳದ ಉಗುರು ಸವೆಯುತ್ತದೆಯೇ? ಸವೆಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಖಾಲಿ ಹೊಟ್ಟೆಯಲ್ಲೇ ಶಾಲೆಗೆ ಹೋಗಿ ಮಧ್ಯಾಹ್ನ ವಾಪಸು ಬರುವಾಗ, ಬೀದಿಯ ತಿರುವಿನ ಮಾಂಸದ ಅಂಗಡಿಯವನು ಕತ್ತಿ ತೊಳೆಯುತ್ತಾ ಕೂಗಿ ಕೇಳಿದ: "ಏನು ಮರಿ, ಮನೇಲಿ ಏನು ವಿಶೇಷ? ನಿಮ್ಮಮ್ಮನೂ ಬಂದಿದ್ರು, ಅವರು ಹೋದ್ಮೇಲೆ ನಿಮ್ಮ ದೊಡ್ಡಮ್ಮನೂ ಬಂದಿದ್ರು. ನೋಡು, ಅಂಗಡಿ ಬರಿದು!" ಮರಿಯ ತಲೆಯಲ್ಲಿ ಮೊಳೆ ಹೊಡೆಯುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ತಲೆಯಾಡಿಸಿ ಬಂದುಬಿಟ್ಟಳು.

ಕೋಣೆ ಸಿದ್ಧಮಾಡುವ ಕೆಲಸವೂ ಪಾಲಾಗಿತ್ತು. ಗುಡಿಸಿ ಚಾಪೆ ಹಾಸುವುದು ಅಮ್ಮನ ಪಾಲು, ತೊಟ್ಟಿಗೆ ನೀರು ತುಂಬುವುದು ದೊಡ್ಡಮ್ಮನ ಪಾಲು. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಆ ಕಡೆ ತಲೆ ಹಾಕುವಂತಿರಲಿಲ್ಲ. ಅವತ್ತು ಚಾಪೆ ಹಾಸಲು ಅಮ್ಮ ಬಹಳ ಹೊತ್ತು ತೆಗೆದುಕೊಂಡಳು. ಕಿಟಕಿಯಿಲ್ಲದ ಆ ಕತ್ತಲಲ್ಲಿ ತಡಕಾಡುತ್ತಾ ನೀರು ತುಂಬಲು ದೊಡ್ಡಮ್ಮ ಇನ್ನೂ ಹೆಚ್ಚು ಹೊತ್ತು ತೆಗೆದುಕೊಂಡಳು.

ಹೊತ್ತು ಇಳಿಯುವಾಗ ಮರಿ ಒಳಗೆ ಹೋದಳು. ಹಿಂದೆ ಎರಡೂ ಚಿಲಕ ಬಿದ್ದವು. ಕತ್ತಲಲ್ಲಿ ಚಾಪೆಯ ಮೇಲೆ ಕೂತು ಉಸಿರು ಎಳೆದುಕೊಂಡಳು, ಅಲ್ಲೇ ಬೆಚ್ಚಿದಳು. ಎಡಗೋಡೆಯಿಂದ ಹಸಿ ಮಾಂಸದ ವಾಸನೆ. ಆಚೆಯ ಅಡುಗೆಮನೆಯಿಂದಲ್ಲ, ಈಚೆಯ ಹಲಗೆಯಿಂದಲೇ. ಬಲಗೋಡೆಯಿಂದಲೂ ಅದೇ ವಾಸನೆ. ಮಾಂಸದಂಗಡಿಯವನ ಮಾತು ಈಗ ತಲೆಗೆ ಹೊಕ್ಕಿತು. ಅಮ್ಮ ದೊಡ್ಡಪ್ಪನ ಗೋಡೆಗೆ ಮಾಂಸ ಹಚ್ಚಿದ್ದಾಳೆ, ಮರಿ ಆ ಕಡೆ ಕೆರೆಯಲಿ ಅಂತ. ದೊಡ್ಡಮ್ಮ ಅಪ್ಪನ ಗೋಡೆಗೆ ಹಚ್ಚಿದ್ದಾಳೆ, ಈ ಕಡೆ ಕೆರೆಯಲಿ ಅಂತ. ತೀರ್ಪು ಕೊಡುವ ಮೂಕಪ್ರಾಣಿಗೇ ಲಂಚ!

ಅವಳು ಎದ್ದು ಬಾಗಿಲು ಬಡಿದಳು. "ಮೋಸ! ಇಬ್ರೂ ಮೋಸ ಮಾಡಿದ್ದೀರಿ! ತೆಗೀರಿ!" ಹೊರಗೆ ಅಪ್ಪನ ಧ್ವನಿ, "ಶುರುವಾಯ್ತು ಅನ್ಸುತ್ತೆ, ಎಲ್ಲಾ ಒಳಗೆ ನಡೀರಿ" ಎಂದಿತು. ಹೆಜ್ಜೆಗಳು ದೂರವಾದವು. ಮರಿ ಬಾಗಿಲಿಗೆ ಹಣೆ ಇಟ್ಟು ಅತ್ತಳು. ಇಡೀ ಎರಡು ಮನೆಯಲ್ಲಿ ತನ್ನ ಕಡೆಯವರು ಅಂತ ಒಬ್ಬರೂ ಇಲ್ಲ ಎನ್ನಿಸಿತು. ಆಮೇಲೆ ಬೆನ್ನುಮೂಳೆಯಲ್ಲಿ ಆ ಪರಿಚಯದ ಬಿಸಿ ಏರತೊಡಗಿತು, ಅಳು ಅರ್ಧಕ್ಕೇ ನಿಂತಿತು.

ಬೆಳಿಗ್ಗೆ ದೊಡ್ಡಪ್ಪ ಮೇಲಿನ ಚಿಲಕ ತೆಗೆದರು, ಅಪ್ಪ ಕೆಳಗಿನದು. ಅಪ್ಪನ ಸೊಂಟದಲ್ಲಿ ಸುತ್ತಿಗೆ, ದೊಡ್ಡಪ್ಪನ ಜೇಬಿನಲ್ಲಿ ಮೊಳೆ. ಹಿಂದೆ ಅಮ್ಮ, ದೊಡ್ಡಮ್ಮ. ಅವರ ಹಿಂದೆ ಕೋಲೂರಿಕೊಂಡು ಅಜ್ಜಿ. ಬಾಗಿಲು ತೆರೆದ ಕೂಡಲೇ ಎಲ್ಲರೂ ಗೋಡೆ ನೋಡಿದರು, ಎಂದಿನ ಹಾಗೆ.

ಎಡಗೋಡೆಗೆ ಒಂದೇ ಒಂದು ಹೊಸ ಗೀರಿಲ್ಲ. ಬಲಗೋಡೆಗೂ ಇಲ್ಲ. ಎರಡೂ ಕಡೆ ಹಲಗೆಗಳು ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತಿದ್ದವು. ಅಷ್ಟು ಚೆನ್ನಾಗಿ ನೆಕ್ಕಿತ್ತು ತೋಳ. ಎಡಗೋಡೆಯ ಸಂದಿಗಳಿಂದ ಖಾಲಿ ಬೆತ್ತದ ಸೀಳುಗಳು ಜೋತಾಡುತ್ತಿದ್ದವು, ಅಮ್ಮ ಮಾಂಸ ಕಟ್ಟಿ ತೂಗುಬಿಟ್ಟವು. ಬಲಗೋಡೆಯ ಸಂದಿಗಳಲ್ಲಿ ಲೇತಿನಲ್ಲಿ ಕಡೆದ ಸಣ್ಣ ಸಣ್ಣ ಗೂಟಗಳು ನಿಂತಿದ್ದವು, ದೊಡ್ಡಮ್ಮ ಮಾಂಸ ಸಿಕ್ಕಿಸಿದವು. ಕಳ್ಳತನಕ್ಕೆ ಹೋಗುವಾಗಲೂ ಅವರವರ ಮನೆಯ ಕಸುಬಿನ ಸಾಮಾನನ್ನೇ ಒಯ್ದಿದ್ದರು ಪುಣ್ಯಾತ್ಗಿತ್ತಿಯರು.

ದೊಡ್ಡಪ್ಪ ಒಂದು ಸೀಳು ಎಳೆದು ಬೆರಳ ಮಧ್ಯೆ ತಿರುಗಿಸಿದರು. "ಒಳಮೈ ಇಷ್ಟು ನಯ ಮಾಡೋನು ಈ ಊರಲ್ಲಿ ಒಬ್ಬನೇ."

ಅಪ್ಪ ಒಂದು ಗೂಟ ಕಿತ್ತರು. "ಈ ಕೊರಳು ನೋಡಿದ್ರೆ ಸಾಕು, ಯಾರ ಕೈ ಅಂತ ಗೊತ್ತಾಗುತ್ತೆ."

ಇಪ್ಪತ್ತು ವರ್ಷದಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಹೊಗಳಿದ್ದು ಅದೇ ಮೊದಲು. ಹೊಗಳಿದೆವೆಂದು ಇಬ್ಬರಿಗೂ ಆಮೇಲೆ ಹೊಳೆದು, ತಮ್ಮ ತಮ್ಮ ಹೆಂಡತಿಯರ ಕಡೆ ತಿರುಗಿದರು. ಅಮ್ಮ ಸೆರಗಿನ ತುದಿ ನೋಡುತ್ತಿದ್ದಳು. ದೊಡ್ಡಮ್ಮ ಆಕಾಶ ನೋಡುತ್ತಿದ್ದಳು.

ಆಗ ಚಾಪೆಯ ಮೇಲೆ ಮರಿ ಮಗ್ಗುಲು ಬದಲಿಸಿ ಆಕಳಿಸಿದಳು. ಗಲ್ಲದ ಮೇಲೆ ಕೊಬ್ಬಿನ ಜಿಡ್ಡು. ನಡುಕವಿಲ್ಲ, ಬೆವರಿಲ್ಲ. ಬೇರೆ ಹುಣ್ಣಿಮೆಗಳ ಮರುದಿನ ಅವಳ ಮೊದಲ ಮಾತು "ಅಮ್ಮ, ಹಸಿವು" ಎಂಬುದು. ನಾಲ್ಕು ಜನರ ಊಟ ಒಬ್ಬಳೇ ಉಣ್ಣುತ್ತಿದ್ದಳು. ಇವತ್ತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಳು.

"ಸಂಕಟ ಆಗ್ತಿಲ್ಲ" ಎಂದಳು ಆಶ್ಚರ್ಯದಿಂದ. "ಅಜ್ಜಿ, ಇವತ್ತು ಆ ಸಂಕಟ ಇಲ್ಲ. ಹಸಿವೂ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಎರಡೂ ಗೋಡೆ ನೋಡಿದಳು, ಮೊಮ್ಮಗಳ ಜಿಡ್ಡು ಮುಖ ನೋಡಿದಳು.

"ಹಸಿವಾ ಅದು?" ಎಂದಳು. ಯಾರನ್ನು ಕೇಳಿದಳೋ ಗೊತ್ತಾಗಲಿಲ್ಲ. "ಸಿಟ್ಟಲ್ವಾ? ಹಸಿವಾ?"

"ಆಗ ಅಡುಗೆಮನೆ ಒಂದೇ ಇತ್ತು ಕಣ್ರೋ. ಈ ಕಡೆ" ಎಂದು ಅಜ್ಜಿ ಕೋಲು ಎತ್ತಿ ಎಡಗೋಡೆ ತೋರಿಸಿದಳು. "ಅವತ್ತು ಒಲೆ ಮೇಲೆ ಮಾಂಸ ಬೇಯ್ತಿತ್ತು. ನಾನೇ ಇಟ್ಟು ಬಂದಿದ್ದೆ, ನೀವು ಉಣ್ಲಿ ಅಂತ. ನಂಗೆ ಬೆಳಗಿಂದ ಉಪವಾಸ."

ಮರಿಗೆ ಎಲ್ಲಾ ಒಟ್ಟಿಗೆ ಅರ್ಥವಾಯಿತು. ಪಾಲಾದ ಮೇಲೆ ಎರಡು ಅಡುಗೆಮನೆ. ಯಾವ ಕಡೆಯಿಂದ ಹೆಚ್ಚು ವಾಸನೆ ಬಂತೋ ಆ ಕಡೆಯ ಗೋಡೆ. ಏಣಿ, ನಲ್ಲಿ, ನೆಂಟರು, ಎಲ್ಲ ತೀರ್ಪೂ ಹೊಟ್ಟೆಯದು. ತನ್ನೊಳಗೆ ಸಿಟ್ಟಿನ ಮೃಗ ಯಾವುದೂ ಇರಲಿಲ್ಲ. ಇದ್ದದ್ದು ಒಂದು ಹಸಿದ ತೋಳ. ಅದರ ಮುಂದೆ ಒಂದು ತಟ್ಟೆ ಇಡಬೇಕೆಂದು ಯಾರಿಗೂ ತೋಚಿರಲಿಲ್ಲ. ಅವಳಿಗೆ ಎಷ್ಟು ಹಗುರವಾಯಿತೆಂದರೆ ನಗು ಬಂತು. ಜೋರಾಗಿ ನಕ್ಕಳು. ಅಮ್ಮ ಮಾತ್ರ ಬಾಗಿಲ ಕಂಬ ಹಿಡಿದು, "ಹೆತ್ತ ತಾಯಿ ನಾನು. ನಂಗೂ ಹೊಳೀಲಿಲ್ವಲ್ಲೇ" ಎಂದು ಅತ್ತಳು. ದೊಡ್ಡಮ್ಮ, ಅವಳ ಜೊತೆ ಮಾತು ಬಿಟ್ಟಿದ್ದೇನೆ ಎಂಬುದನ್ನು ಮರೆತು, "ಸುಮ್ನಿರೇ, ನಂಗೆ ಹೊಳೆದಿತ್ತಾ?" ಎಂದು ಅವಳ ಭುಜ ಹಿಡಿದುಕೊಂಡಳು.

ದೊಡ್ಡಪ್ಪ ಮಾತ್ರ ಎಡಗೋಡೆಯ ಆ ಹಳೆಯ ಸೀಳು ಹಲಗೆಯನ್ನೇ ನೋಡುತ್ತಾ ನಿಂತಿದ್ದರು. ಇಪ್ಪತ್ತು ವರ್ಷ ಅವರು ಅದನ್ನು ಬದಲಾಯಿಸಲು ಬಿಟ್ಟಿರಲಿಲ್ಲ. ಹೆತ್ತಮ್ಮನೇ ನನ್ನನ್ನು ತಪ್ಪಿತಸ್ಥ ಎಂದಿದ್ದಕ್ಕೆ ಸಾಕ್ಷಿ ಅದು, ಇರಲಿ ಎನ್ನುತ್ತಿದ್ದರು. ಈಗ ತಮ್ಮ ಅಡುಗೆಮನೆಗೆ ಹೋದರು. ರಾತ್ರಿ ಉಳಿದಿದ್ದ ಮಾಂಸವನ್ನು ಬಿಸಿ ಕೂಡ ಮಾಡದೆ ತಟ್ಟೆಗೆ ಹಾಕಿಕೊಂಡು ಬಂದು, ಅಜ್ಜಿಯ ಮುಂದೆ ಮಂಡಿಯೂರಿ ಕೂತರು.

"ತಿನ್ನಮ್ಮ."

ಅಜ್ಜಿ ತಟ್ಟೆ ನೋಡಿದಳು, ಮಗನ ಮುಖ ನೋಡಿದಳು. "ಈಗ ಹಲ್ಲಿಲ್ವಲ್ಲೋ" ಎಂದಳು.

ಅಪ್ಪ ಬಂದು ಅಣ್ಣನ ಪಕ್ಕದಲ್ಲಿ ಕೂತರು. ತಟ್ಟೆಯಿಂದ ಒಂದು ತುಂಡು ತೆಗೆದು, ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸಿ, ಮೆತ್ತಗೆ ಹಿಸುಕಿ, ತಾಯಿಯ ಬಾಯಿಗಿಟ್ಟರು. ಅವರು ಬಿಡಿಸುವುದು, ದೊಡ್ಡಪ್ಪ ತಟ್ಟೆ ಹಿಡಿಯುವುದು. ತಟ್ಟೆ ಮುಗಿಯುವವರೆಗೂ ಇಬ್ಬರೂ ಏಳಲಿಲ್ಲ. ಸುತ್ತಿಗೆ ಯಾವಾಗಲೋ ನೆಲದ ಮೇಲೆ ಬಿದ್ದಿತ್ತು, ಅದನ್ನು ಎತ್ತಿಕೊಂಡದ್ದು ಮರಿ.

ಜಗಳ ಅಲ್ಲಿಗೆ ಮುಗಿಯಿತು ಎಂದರೆ ಆ ಅಣ್ಣತಮ್ಮಂದಿರನ್ನು ಬಲ್ಲವರು ನಗುತ್ತಾರೆ. ವಾಚನಾಲಯದ ಕುರ್ಚಿಗಳನ್ನು ಇಬ್ಬರೂ ಸೇರಿ ಮಾಡುತ್ತಿದ್ದಾರೆ, ಸೇರಿ ಬೈದಾಡುತ್ತಿದ್ದಾರೆ. ಅಲ್ಲಾಡಿದರೆ ಯಾರನ್ನು ಹಿಡಿದುಕೊಳ್ಳಲಿ ಎಂದು ಮೇಡಂ ಕೇಳಿದಾಗ ಇಬ್ಬರೂ ಒಟ್ಟಿಗೆ ಮರಿಯನ್ನು ತೋರಿಸಿದರು. ಬೈಗುಳ ಹೊತ್ತು ತರುವ ಕೆಲಸದಿಂದ ಮಾತ್ರ ಅವಳಿಗೆ ಬಿಡುಗಡೆಯಾಯಿತು. ಈಗ ನೇರವಾಗಿಯೇ ಕೊಡುತ್ತಾರೆ. ಹಿತ್ತಲ ಬಾಗಿಲನ್ನು ಕಿತ್ತು ಪಕ್ಕಕ್ಕೆ ಇಟ್ಟಿದ್ದಾರೆ, ಕುರ್ಚಿ ಸಾಗಿಸಲು ಅಡ್ಡ ಬರುತ್ತದೆ ಎಂದು. ನಾಲ್ಕನೆಯ ಕಾಲೂ ಆಯಿತು. ಕೊರಳು ಬಂದಾಗ ಮರಿ ಉಸಿರು ಬಿಗಿಹಿಡಿದಳು, ಪಕ್ಕದಲ್ಲಿದ್ದ ದೊಡ್ಡಪ್ಪ "ಒತ್ತ..." ಎಂದು ಬಾಯಿ ತೆರೆದು, ಸುಮ್ಮನಾದರು. ಅವಳು ಒತ್ತಿರಲಿಲ್ಲ.

ಮುಂದಿನ ಹುಣ್ಣಿಮೆಯ ಸಂಜೆ ಅಮ್ಮ ಒಂದು ದೊಡ್ಡ ಪಾತ್ರೆ ತಂದಳು, ದೊಡ್ಡಮ್ಮ ಅದಕ್ಕಿಂತ ದೊಡ್ಡದು. ಯಾವುದು ಮೊದಲು ಖಾಲಿಯಾಗುತ್ತದೆ ನೋಡೋಣ ಎಂದು ಇಬ್ಬರ ನಡುವೆ ಆಗಲೇ ಪೈಪೋಟಿ. ಕೋಣೆಯ ಬಾಗಿಲಲ್ಲಿ ಮರಿ ಮಾಡಿದ ಕುರ್ಚಿಯ ಮೇಲೆ ಅಜ್ಜಿ ಕೂತಿದ್ದಳು. ಕುರ್ಚಿ ಒಂಚೂರು ಅಲ್ಲಾಡುತ್ತಿತ್ತು. "ನೆಲ ಡೊಂಕು ಅಜ್ಜಿ" ಎಂದಳು ಮರಿ. ಅಪ್ಪ, ದೊಡ್ಡಪ್ಪ ಇಬ್ಬರೂ ಗಂಭೀರವಾಗಿ ಹೌದು ಹೌದು ಎಂದರು.

ಮರಿ ಒಳಗೆ ಹೋಗುವ ಮುಂಚೆ ಅಜ್ಜಿ ಅವಳ ಕೈ ಹಿಡಿದು ನಿಲ್ಲಿಸಿದಳು. "ಮಧ್ಯಾಹ್ನ ಹೊಟ್ಟೆ ತುಂಬಾ ಉಂಡ್ಯಾ?"

"ಉಂಡೆ ಅಜ್ಜಿ."

"ಸಾಲದಿದ್ರೆ ಕೂಗು. ನಾನು ಇಲ್ಲೇ ಇರ್ತೀನಿ" ಎಂದಳು ಅಜ್ಜಿ. ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಎಲ್ಲರೂ ಮರಿಯನ್ನು ನೋಡಿದರು. ಗೋಡೆ ನೋಡುವುದು ಯಾರಿಗೂ ನೆನಪಾಗಲಿಲ್ಲ.